ಕೊಡಲಿ ಉಳಿಸಿದ ಕಾಡು

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆಯ ಆಸುಪಾಸಿಗೆ ಚಿಂಗ್‌ಫರ್ಡ್ ಬರುತ್ತದೆ. ಹಳಿ ಅಲ್ಲಿಗೆ ಮುಗಿಯಿತು, ಮುಂದೆ ಕಾಡು. ತುಸು ದೂರ ನಡೆದರೆ ಕಾನಾಟ್ ವಾಟರ್ ಎಂಬ ಕೆರೆ. ಅದನ್ನು ಸುತ್ತಿ ಬರುವ ಕಾಲುಹಾದಿ ಸುಮಾರು ಒಂದು ಮೈಲಿ. ಏರೂ ಇಲ್ಲ, ಇಳಿಜಾರೂ ಇಲ್ಲ. ಗಾಲಿಕುರ್ಚಿಯವರು, ಮಗುವಿನ ತಳ್ಳುಗಾಡಿ ಹಿಡಿದವರು, ಮಂಡಿನೋವಿನವರು ಎಲ್ಲರೂ ನಿರಾಳವಾಗಿ ಸುತ್ತಬಹುದು.

ಇದು ಎಪಿಂಗ್ ಕಾಡಿನ ಒಂದು ಮೂಲೆ ಅಷ್ಟೇ. ಪೂರ್ವ ಲಂಡನ್ನಿನ ಬಡಾವಣೆಗಳ ನಡುವೆ ತೂರಿಕೊಂಡು ಉತ್ತರಕ್ಕೆ ಸುಮಾರು 19 ಕಿಲೋಮೀಟರ್ ಚಾಚಿರುವ ಈ ಕಾಡಿನ ವಿಸ್ತೀರ್ಣ ಸುಮಾರು 2,400 ಹೆಕ್ಟೇರ್. ಹಾದಿ ಬಿಟ್ಟು ಒಳಗೆ ಕಣ್ಣು ಹಾಯಿಸಿದರೆ ಮರಗಳ ಆಕಾರ ವಿಚಿತ್ರವಾಗಿ ಕಾಣುತ್ತದೆ. ಆಳೆತ್ತರದವರೆಗೆ ಗಂಟುಗಂಟಾದ ಬೊಡ್ಡೆ, ಅದರ ನೆತ್ತಿಯಿಂದ ಒಮ್ಮೆಲೇ ಹೊರಟ ಹತ್ತಾರು ಕೊಂಬೆ. ಓಕ್, ಬೀಚ್, ಹಾರ್ನ್‌ಬೀಮ್ ಜಾತಿಯ ಇಂಥ ಮುದಿ ಮರಗಳು ಇಲ್ಲಿ ಐವತ್ತು ಸಾವಿರಕ್ಕೂ ಹೆಚ್ಚಿವೆ.

ಇವೆಲ್ಲ ಸೌದೆಗಾಗಿ ತಲೆ ಬೋಳಿಸಿಕೊಂಡ ಮರಗಳು. ಬುಡಕ್ಕೇ ಕಡಿದರೆ ಹೊಸ ಚಿಗುರು ದನ, ಜಿಂಕೆಗಳ ಬಾಯಿಗೆ ಹೋಗುತ್ತದೆ. ಅವುಗಳ ಬಾಯಿಗೆ ಎಟುಕದ ಎತ್ತರದಲ್ಲಿ ಸವರಿದರೆ ಮರವೂ ಉಳಿಯುತ್ತದೆ, ಕೆಲವು ವರ್ಷ ಕಳೆದರೆ ಮತ್ತೆ ಸೌದೆಯೂ ಸಿಗುತ್ತದೆ.

ಹನ್ನೆರಡನೆಯ ಶತಮಾನದಿಂದ ಇದು ಅರಸರ ಬೇಟೆಯ ಕಾಡು. ಬೇಟೆ ನೋಡಲು ಎಂಟನೆಯ ಹೆನ್ರಿ 1543ರಲ್ಲಿ ಕಟ್ಟಿಸಿದ ಮರದ ಮಹಡಿ ಈಗಲೂ ಚಿಂಗ್‌ಫರ್ಡ್‌ನಲ್ಲಿದೆ. ಹೆಸರು ಮಾತ್ರ ಮಗಳು ಎಲಿಜಬೆತ್‌ಳದು. ನೆಲ ಜಮೀನ್ದಾರರದು, ಜಿಂಕೆ ಅರಸನದು. ಮೇವು ಮತ್ತು ಸೌದೆ ಊರವರದು. ಲೌಟನ್ ಊರಿನವರಿಗೆ ನವೆಂಬರ್ 11ರ ನಡುರಾತ್ರಿಯಿಂದ ಏಪ್ರಿಲ್ 23ರವರೆಗೆ ಕೊಂಬೆ ಸವರುವ ಹಕ್ಕಿತ್ತು. ಆ ನಡುರಾತ್ರಿ ಮೊದಲ ಕೊಡಲಿ ಬೀಳದಿದ್ದರೆ ಹಕ್ಕೇ ಹೋಗುತ್ತದೆಂದು ಊರಿನ ನಂಬಿಕೆ. ಒಮ್ಮೆ ಜಮೀನ್ದಾರ ಅವರನ್ನೆಲ್ಲ ಊಟಕ್ಕೆ ಕರೆದು ಚೆನ್ನಾಗಿ ಕುಡಿಸಿದನಂತೆ. ಥಾಮಸ್ ವಿಲಿಂಗೇಲ್ ಎಂಬ ಮುದುಕ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ಕೊಂಬೆ ಕಡಿದು ತಂದು ಅವನೆದುರಿಗೇ ಹಿಡಿದನಂತೆ. ಲೌಟನ್ನಿನಲ್ಲಿ ಈ ಕಥೆ ಇನ್ನೂ ನಡೆಯುತ್ತದೆ.

ವಿಲಿಂಗೇಲ್ ಮಾತ್ರ ಕಟ್ಟುಕಥೆಯಲ್ಲ. ಪಕ್ಕದ ಹೇನಾಲ್ಟ್ ಕಾಡಿನ ಅರಣ್ಯಪಟ್ಟವನ್ನು 1851ರಲ್ಲಿ ಕಾನೂನೇ ಕಿತ್ತುಹಾಕಿತ್ತು. ಮರಗಳನ್ನು ಬುಡಸಮೇತ ಎಬ್ಬಿಸಿ ಹೊಲ ಮಾಡಿದರು. 1856ರಲ್ಲಿ ಲೌಟನ್ನಿಗೆ ರೈಲು ಬಂತು, ಮನೆ ಕಟ್ಟುವವರಿಗೆ ನೆಲ ಬೇಕಾಯಿತು. ಪಾದ್ರಿಯೂ ಜಮೀನ್ದಾರನೂ ಆಗಿದ್ದ ಜಾನ್ ವಿಟೇಕರ್ ಮೇಟ್‌ಲೆಂಡ್ 1860ರ ದಶಕದ ನಡುವಿಗೆ ಸಾವಿರ ಎಕರೆಗೂ ಹೆಚ್ಚು ಕಾಡಿಗೆ ಬೇಲಿ ಹಾಕಿಸಿದ. ವಿಲಿಂಗೇಲ್ ಮನೆಯವರು ಬೇಲಿ ದಾಟಿ ಎಂದಿನಂತೆ ಕೊಂಬೆ ಸವರಿದರು. 1866ರಲ್ಲಿ ಜೈಲಿಗೂ ಹೋದರು. ಮುದುಕ ದಾವೆ ಹೂಡಿದ. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಕಾಮನ್ಸ್ ಪ್ರಿಸರ್ವೇಶನ್ ಸೊಸೈಟಿ ಬೆನ್ನಿಗೆ ನಿಂತಿತು. 1870ರಲ್ಲಿ ಅವನು ತೀರಿಕೊಂಡಾಗ ದಾವೆಯೂ ಅವನೊಂದಿಗೆ ಹೋಯಿತು.

ಕಾಡಿನ ಕೈ ಹಿಡಿದದ್ದು ಒಂದು ಸ್ಮಶಾನ. ಲಂಡನ್ ನಗರಸಭೆಗೆ ಸೇರಿದ ಚರಂಡಿ ಆಯೋಗ 1850ರ ದಶಕದಲ್ಲಿ ಹೆಣ ಹೂಳುವುದಕ್ಕೆಂದು ಕಾಡಂಚಿನಲ್ಲಿ ಜಮೀನು ಕೊಂಡಿತ್ತು. ಆ ಜಮೀನಿನ ಜೊತೆಗೆ ಕಾಡಿನಲ್ಲಿ ದನ ಮೇಯಿಸುವ ಹಕ್ಕೂ ಬಂದಿತ್ತು. ದನವಿಲ್ಲದಿದ್ದರೇನು, ಹಕ್ಕು ಹಕ್ಕೇ. 1871ರಲ್ಲಿ ಆಯೋಗ ಜಮೀನ್ದಾರರ ಮೇಲೆ ದಾವೆ ಹಾಕಿತು. ವಾದ ನಿಂತದ್ದು ಒಂದೇ ಮಾತಿನ ಮೇಲೆ: ದನಕ್ಕೆ ಊರಗಡಿ ಗೊತ್ತಿಲ್ಲ. ಮೇಯುವ ಹಕ್ಕು ಇಡೀ ಕಾಡಿಗೆ ಹಬ್ಬಿದ್ದರೆ, ಒಬ್ಬೊಬ್ಬ ಜಮೀನ್ದಾರ ತನ್ನ ಊರಿನವರನ್ನಷ್ಟೇ ಒಲಿಸಿಕೊಂಡು ಬೇಲಿ ಹಾಕುವಂತಿಲ್ಲ. 1874ರ ನವೆಂಬರಿನಲ್ಲಿ ನ್ಯಾಯಾಧೀಶ ಜಾರ್ಜ್ ಜೆಸೆಲ್ ಈ ವಾದವನ್ನು ಒಪ್ಪಿದರು. ಹಿಂದಿನ ಇಪ್ಪತ್ತು ವರ್ಷಗಳ ಬೇಲಿಗಳೆಲ್ಲ ಅಕ್ರಮವೆನಿಸಿದವು.

1878ರ ಎಪಿಂಗ್ ಅರಣ್ಯ ಕಾಯ್ದೆ ಕಾಡನ್ನು ನಗರಸಭೆಯ ಸುಪರ್ದಿಗೆ ಕೊಟ್ಟಿತು. ಬೇಲಿ ಹಾಕಕೂಡದು, ಕಟ್ಟಡ ಕಟ್ಟಕೂಡದು, ಜನ ಬಂದು ಅಡ್ಡಾಡಲು ಬಿಡಬೇಕು. 1882ರ ಮೇ 6ರಂದು ವಿಕ್ಟೋರಿಯಾ ರಾಣಿಯೇ ಬಂದು ಕಾಡನ್ನು ಜನರಿಗೆ ಅರ್ಪಿಸಿದಳು. ಜೌಗು ನೆಲ ಅಗೆದು ಕೆರೆ ಮಾಡಿದ್ದೂ ಆ ಹೊತ್ತಿನಲ್ಲೇ. ಕಾನಾಟ್ ಎಂಬುದು ಕಾಡಿನ ಮೇಲುಸ್ತುವಾರಿಗೆ ನೇಮಕವಾದ ರಾಣಿಯ ಮಗನ ಬಿರುದು.

ವಿಹಾರಕ್ಕೆ ಬರುವವರಿಗೆ ಹಾದಿ ತೆರೆದ ಅದೇ ಕಾಯ್ದೆ ಕೊಡಲಿಯವರ ಹಕ್ಕನ್ನು ಮುಗಿಸಿತು. ಲೌಟನ್ನಿಗೆ ಸಿಕ್ಕ ಪರಿಹಾರ 7,000 ಪೌಂಡ್. ಸವರುವವರಿಲ್ಲದೆ ಮರಗಳ ತಲೆ ಭಾರವಾಯಿತು, ಬೊಡ್ಡೆ ಸೀಳತೊಡಗಿತು, ನೆರಳು ದಟ್ಟವಾಗಿ ನೆಲದ ಹೂಗಿಡಗಳು ಸೊರಗಿದವು. ಅಡವಿಯನ್ನು ತೆಳುಮಾಡಲು ಹೊರಟಾಗಲೂ ಗಲಾಟೆಯೇ ಆಯಿತು. ಈ ಕಾಡಿನ ಮಗ್ಗುಲಲ್ಲೇ ಹುಟ್ಟಿ ಬೆಳೆದ ಕವಿ, ಕುಶಲಕರ್ಮಿ ವಿಲಿಯಂ ಮಾರಿಸ್ 1895ರಲ್ಲಿ ಹಾರ್ನ್‌ಬೀಮ್‌ಗಳಿಗೆ ಕೊಡಲಿ ಹಾಕಬೇಡಿ ಎಂದು ಪತ್ರಿಕೆಗೆ ಬರೆದ.

ಈಚಿನ ದಶಕಗಳಲ್ಲಿ ನಗರಸಭೆಯ ಆಳುಗಳೇ ಆಯ್ದ ಮರಗಳ ತಲೆ ಸವರುತ್ತಿದ್ದಾರೆ. ಉದ್ದ ಕೊಂಬಿನ ಲಾಂಗ್‌ಹಾರ್ನ್ ದನಗಳು ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿಕೊಂಡು ಮತ್ತೆ ಮೇಯುತ್ತಿವೆ. ಪರಿಹಾರದ ದುಡ್ಡಿನಿಂದ ಲೌಟನ್ನಿನಲ್ಲಿ 1884ರಲ್ಲಿ ಎದ್ದ ಸಭಾಭವನದ ಹೆಸರು ‘ಲಾಪಿಂಗ್ ಹಾಲ್’, ಅಂದರೆ ಕೊಂಬೆ ಸವರಿದವರ ಮನೆ. ಅದರ ಹಳೆಯ ಬಾಗಿಲಿನ ನೆತ್ತಿಯಲ್ಲಿ ಮರ ಸವರುವವರ ಉಬ್ಬುಚಿತ್ರವಿದೆ.