ಅಮೆರಿಕನ್ ಮಸಲ್ ಕಾರುಗಳ ತೂಕ ಮತ್ತು ಓಟದ ಮೇಲೆ ಅದರ ಪರಿಣಾಮ

1964ರಿಂದ 1970ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ತಯಾರಾದ ಮಸಲ್ ಕಾರುಗಳಲ್ಲಿ ಹೆಚ್ಚಿನವು 3,000ದಿಂದ 4,000 ಪೌಂಡ್, ಅಂದರೆ ಸುಮಾರು 1,360ರಿಂದ 1,815 ಕೆ.ಜಿ. ತೂಗುತ್ತಿದ್ದವು. ದೊಡ್ಡ ಕಾರಿಗೆಂದು ಮಾಡಿದ ವಿ8 ಎಂಜಿನ್ನನ್ನು ಮಧ್ಯಮ ಗಾತ್ರದ ಎರಡು ಬಾಗಿಲಿನ ಕಾರಿಗೆ ಕೂರಿಸುವುದು ಈ ಕಾರುಗಳ ಮೂಲ ಉಪಾಯ. ಶಕ್ತಿ ಅಷ್ಟೇ ಇದ್ದು ಹೊರಬೇಕಾದ ಭಾರ ಕಡಿಮೆಯಾದರೆ ವೇಗ ತಾನಾಗಿಯೇ ಏರುತ್ತದೆ. ಈ ಕಾರುಗಳ ಚರಿತ್ರೆಯನ್ನು ಅಶ್ವಶಕ್ತಿಯ ಪೈಪೋಟಿಯಾಗಿ ಹೇಳುವುದೇ ವಾಡಿಕೆ. ಆದರೆ ಅವುಗಳಲ್ಲಿ ಯಾವುದು ನಿಜಕ್ಕೂ ಚುರುಕು, ಯಾವುದು ಬರಿಯ ಆರ್ಭಟ ಎಂಬುದನ್ನು ಬಹಳ ಸಲ ತೀರ್ಮಾನಿಸಿದ್ದು ತೂಕ, ಅದಕ್ಕಿಂತಲೂ ಹೆಚ್ಚಾಗಿ ಆ ತೂಕ ಕಾರಿನ ಯಾವ ಭಾಗದಲ್ಲಿ ಕೂತಿತ್ತು ಎಂಬುದು.

1964ರ ಪಾಂಟಿಯಾಕ್ ಜಿಟಿಒ ಈ ವರ್ಗದ ಮೊದಲ ಕಾರೆಂದು ಸಾಮಾನ್ಯವಾಗಿ ಗಣನೆಗೆ ಬರುತ್ತದೆ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂಬುದು ಆಗ ಪಾಂಟಿಯಾಕ್‌ನ ಒಡೆತನವಿದ್ದ ಜನರಲ್ ಮೋಟಾರ್ಸ್‌ನ ಕಟ್ಟಳೆ. ಪಾಂಟಿಯಾಕ್‌ನ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಹೋದ್ಯೋಗಿಗಳು 389 ಘನ ಇಂಚಿನ ಎಂಜಿನ್ನನ್ನು ಟೆಂಪೆಸ್ಟ್ ಲೆಮಾನ್ಸ್ ಕಾರಿನ ಐಚ್ಛಿಕ ಸಲಕರಣೆಯೆಂದು ತೋರಿಸಿ ಅದನ್ನು ದಾಟಿದರು. ಸುಮಾರು 3,500 ಪೌಂಡಿನ ಆ ಕಾರು, ಅದೇ ಎಂಜಿನ್ ಹೊತ್ತ ಪಾಂಟಿಯಾಕ್‌ನ ದೊಡ್ಡ ಕಾರುಗಳಿಗಿಂತ ನೂರಾರು ಪೌಂಡ್ ಹಗುರವಾಗಿತ್ತು. ಅದೇ ವರ್ಷ ಬಂದ ಫೋರ್ಡ್ ಮಸ್ಟಾಂಗ್ ಇನ್ನೂ ಚಿಕ್ಕದು. ಆರು ಸಿಲಿಂಡರಿನದು 2,500 ಪೌಂಡಿನ ಆಸುಪಾಸಿನಲ್ಲಿದ್ದರೆ, 289 ಘನ ಇಂಚಿನ ವಿ8 ಇದ್ದದ್ದು 3,000ದೊಳಗೇ ನಿಲ್ಲುತ್ತಿತ್ತು. ಇನ್ನೊಂದು ತುದಿಯಲ್ಲಿ, 1970ರ ಶೆವ್ರೊಲೆ ಶೆವೆಲ್ ಎಸ್‌ಎಸ್ 454 ಮತ್ತು ಹೆಮಿ ಎಂಜಿನ್ನಿನ ಡಾಡ್ಜ್ ಚಾರ್ಜರ್‌ನಂಥವು 4,000 ಪೌಂಡಿನ ಅಂಚು ಮುಟ್ಟುತ್ತಿದ್ದವು.

ಒಂದೇ ಕಾರಿಗೆ ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆ ತೂಕ ಕಾಣಸಿಗುತ್ತದೆ. ಕಾರ್ಖಾನೆಯ ರವಾನೆ ತೂಕದಲ್ಲಿ ಪೆಟ್ರೋಲ್ ಮತ್ತು ಐಚ್ಛಿಕ ಸಲಕರಣೆಗಳು ಸೇರಿರುವುದಿಲ್ಲ. ಓಡಲು ಸಿದ್ಧವಾಗಿ ನಿಂತ ಕಾರಿನ ತೂಕದಲ್ಲಿ ಎಣ್ಣೆ, ನೀರು, ತುಂಬಿದ ಟ್ಯಾಂಕು ಎಲ್ಲವೂ ಸೇರುತ್ತವೆ. 20 ಗ್ಯಾಲನ್ ಪೆಟ್ರೋಲೇ ಸುಮಾರು 56 ಕೆ.ಜಿ. ಅದರ ಮೇಲೆ ಏರ್ ಕಂಡಿಷನರ್, ಪವರ್ ಸ್ಟೀರಿಂಗ್, ಪವರ್ ಬ್ರೇಕ್ ಎಂದು ಗ್ರಾಹಕ ಗುರುತು ಹಾಕಿದಷ್ಟೂ ಭಾರ ಏರುತ್ತದೆ. ಪತ್ರಿಕೆಗಳ ಪರೀಕ್ಷೆಯಲ್ಲಿ ಚಾಲಕನ ಮತ್ತು ಉಪಕರಣಗಳ ತೂಕವೂ ಕೂಡುತ್ತಿತ್ತು. ಆದ್ದರಿಂದ ಎರಡು ಕಾರುಗಳನ್ನು ಹೋಲಿಸುವ ಮುನ್ನ ಎರಡನ್ನೂ ಒಂದೇ ಬಗೆಯಲ್ಲಿ ತೂಗಲಾಗಿದೆಯೇ ಎಂದು ನೋಡುವುದು ಅಗತ್ಯ.

ಭಾರದ ಮೂಲಗಳು ಹಲವು. ಜನರಲ್ ಮೋಟಾರ್ಸ್‌ನ ಮಧ್ಯಮ ಗಾತ್ರದ ಕಾರುಗಳಲ್ಲಿ ಪ್ರತ್ಯೇಕ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿಯನ್ನು ಕೂರಿಸಲಾಗುತ್ತಿತ್ತು. ಕ್ರೈಸ್ಲರ್ ಕಾರುಗಳಲ್ಲಿ ಮತ್ತು ಮಸ್ಟಾಂಗ್‌ನಲ್ಲಿ ಬಾಡಿಯೇ ಚೌಕಟ್ಟಿನ ಕೆಲಸವನ್ನೂ ಮಾಡುತ್ತಿತ್ತು. ಬಂಪರುಗಳು ದಪ್ಪ ಉಕ್ಕಿನವು, ಹಿಂದಿನ ಅಚ್ಚು ಒಂದೇ ಗಟ್ಟಿ ಘಟಕ. ಎಲ್ಲಕ್ಕಿಂತ ದೊಡ್ಡ ಮುದ್ದೆ ಎಂಜಿನ್. ಬ್ಲಾಕು ಮತ್ತು ಸಿಲಿಂಡರ್ ಹೆಡ್ಡುಗಳೆರಡೂ ಬೀಡುಕಬ್ಬಿಣದವಾದ ಶೆವ್ರೊಲೆಯ ಸ್ಮಾಲ್ ಬ್ಲಾಕ್ ಎಂಜಿನ್ ಸುಮಾರು 575 ಪೌಂಡ್ ತೂಗಿದರೆ, ಬಿಗ್ ಬ್ಲಾಕ್ 685 ಪೌಂಡಿನಷ್ಟು ತೂಗುತ್ತಿತ್ತು. ಕ್ರೈಸ್ಲರ್‌ನ 426 ಹೆಮಿ ಅದಕ್ಕಿಂತಲೂ ಭಾರ. ಅರ್ಧಗೋಳಾಕಾರದ ದಹನಕೋಷ್ಠಗಳಿಗೆ ಬೇಕಾದ ಅಗಲವಾದ ಹೆಡ್ಡುಗಳು ಇದಕ್ಕೆ ಮುಖ್ಯ ಕಾರಣ. ಬ್ಯುಯಿಕ್‌ನ 455 ಮಾತ್ರ ತೆಳುವಾದ ಎರಕದಿಂದಾಗಿ ತನ್ನ ಗಾತ್ರದ ಎಂಜಿನ್ನುಗಳ ನಡುವೆ ಹಗುರವೆನಿಸಿತ್ತು. 1969ರಲ್ಲಿ ಕೇವಲ 69 ಕಮಾರೊಗಳಿಗೆ ಹಾಕಿದ ಜೆಡ್‌ಎಲ್1 ಎಂಬ 427 ಘನ ಇಂಚಿನ ಎಂಜಿನ್ ಪೂರ್ತಿ ಅಲ್ಯೂಮಿನಿಯಂನದು. ಅದು ಕಬ್ಬಿಣದ ಸ್ಮಾಲ್ ಬ್ಲಾಕಿಗಿಂತಲೂ ಭಾರವಾಗಿರಲಿಲ್ಲ. ಆದರೆ ಆ ಎಂಜಿನ್ನಿಗೇ 4,000 ಡಾಲರಿಗೂ ಹೆಚ್ಚು ಕೊಡಬೇಕಿತ್ತು, ಅದು ಕಾರಿನ ಮೂಲ ಬೆಲೆಯನ್ನೇ ಮೀರಿದ ಮೊತ್ತ.

ತೂಕ ಓಟವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಅಳೆಯಲು ಅಮೆರಿಕದಲ್ಲಿ ಬಳಕೆಯಲ್ಲಿದ್ದದ್ದು ಕಾಲು ಮೈಲಿಯ, ಅಂದರೆ 402 ಮೀಟರಿನ ನೇರ ಓಟ. ನಿಂತಲ್ಲಿಂದ ಹೊರಟು ಅಷ್ಟು ದೂರ ಕ್ರಮಿಸಲು ಬೇಕಾಗುವ ಸಮಯವು ತೂಕವನ್ನು ಶಕ್ತಿಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ಘನಮೂಲಕ್ಕೆ ಹೆಚ್ಚುಕಡಿಮೆ ಅನುಗುಣವಾಗಿರುತ್ತದೆ. ಘನಮೂಲದ ಸಂಬಂಧವಾದ್ದರಿಂದ ಲಾಭ ನಿಧಾನವಾಗಿ ಬರುತ್ತದೆ. 14 ಸೆಕೆಂಡಿನಲ್ಲಿ ಓಡುವ 4,000 ಪೌಂಡಿನ ಕಾರಿನಿಂದ 400 ಪೌಂಡ್ ಇಳಿಸಿದರೆ ಸಮಯ ಸುಮಾರು 13.5 ಸೆಕೆಂಡಿಗೆ ಇಳಿಯುತ್ತದೆ. ನೂರು ಪೌಂಡಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗ ಎಂದು ಡ್ರ್ಯಾಗ್ ಓಟಗಾರರು ಬಾಯಿಲೆಕ್ಕ ಹಾಕುವುದು ಇದಕ್ಕೆ ಸರಿಹೊಂದುತ್ತದೆ. ಇಷ್ಟೇ ಫಲವನ್ನು ಎಂಜಿನ್ನಿನಿಂದ ಪಡೆಯಬೇಕಾದರೆ ಶಕ್ತಿ ಶೇ. 11ರಷ್ಟು ಹೆಚ್ಚಬೇಕು.

ಗೆರೆ ದಾಟುವಾಗಿನ ವೇಗವೂ ಇದೇ ಅನುಪಾತವನ್ನು ಅವಲಂಬಿಸುತ್ತದೆ. ಅಶ್ವಶಕ್ತಿಯನ್ನು ಪೌಂಡಿನ ತೂಕದಿಂದ ಭಾಗಿಸಿ, ಅದರ ಘನಮೂಲವನ್ನು 234ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಮೈಲಿ ಎಂಬುದು ಅಂದಾಜಾಗಿ ಸಿಗುತ್ತದೆ. ಈ ಲೆಕ್ಕವನ್ನು ತಿರುಗಿಸಿ ಎಂಜಿನ್ನಿನ ನಿಜವಾದ ಶಕ್ತಿಯನ್ನು ಪತ್ತೆಮಾಡಬಹುದು. ಚಾಲಕನೂ ಸೇರಿ 4,000 ಪೌಂಡಿನ ಕಾರು 100 ಮೈಲಿ ವೇಗದಲ್ಲಿ ಗೆರೆ ದಾಟಿತೆಂದರೆ ಅದು ಬಳಸಿದ ಶಕ್ತಿ 310 ಅಶ್ವಶಕ್ತಿಯ ಸುತ್ತಮುತ್ತ ಇರಬೇಕು, ಜಾಹೀರಾತಿನಲ್ಲಿ ಏನೇ ಇರಲಿ. ಆ ಕಾಲದ ಜಾಹೀರಾತಿನ ಅಂಕಿಗಳು ಫ್ಯಾನು, ಸೈಲೆನ್ಸರ್, ಏರ್ ಫಿಲ್ಟರುಗಳಿಲ್ಲದೆ ಪರೀಕ್ಷಾ ಮೇಜಿನ ಮೇಲೆ ಅಳೆದ ಒಟ್ಟು ಅಶ್ವಶಕ್ತಿಯವು. 1971ರಲ್ಲಿ ಜನರಲ್ ಮೋಟಾರ್ಸ್ ಎರಡೂ ಬಗೆಯ ಅಂಕಿಗಳನ್ನು ಕೊಟ್ಟಾಗ ಶೆವೆಲ್‌ನ 454 ಎಂಜಿನ್ 365 ಒಟ್ಟು, 285 ನಿವ್ವಳ ಎಂದು ತಿಳಿಯಿತು. ತೂಕದ ಸೇತುವೆಯ ಚೀಟಿಯನ್ನೂ ಗೆರೆ ದಾಟಿದ ವೇಗವನ್ನೂ ಜೊತೆಗಿಟ್ಟು ನೋಡಿದವರಿಗೆ ಈ ಅಂತರ ಹೊಸ ವಿಷಯವಾಗಿರಲಿಲ್ಲ.

ಆದರೆ ಶಕ್ತಿ ನೆಲಕ್ಕೆ ಇಳಿಯದಿದ್ದರೆ ಈ ಲೆಕ್ಕವೆಲ್ಲ ಕಾಗದದ ಮೇಲೇ ಉಳಿಯುತ್ತದೆ. ಮಸಲ್ ಕಾರಿನ ಭಾರವಾದ ಎಂಜಿನ್ ಇರುವುದು ಮುಂದೆ, ತಳ್ಳುವ ಚಕ್ರಗಳು ಇರುವುದು ಹಿಂದೆ. ಬಿಗ್ ಬ್ಲಾಕ್ ಕಾರುಗಳಲ್ಲಿ ತೂಕದ ಶೇ. 55ರಿಂದ 58ರಷ್ಟು ಮುಂದಿನ ಚಕ್ರಗಳ ಮೇಲೆಯೇ ಬೀಳುತ್ತಿತ್ತು. ಕಾರು ಮುಂದಕ್ಕೆ ನುಗ್ಗುವಾಗ ಒಂದಿಷ್ಟು ಭಾರ ಹಿಂದಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ವೇಗೋತ್ಕರ್ಷ, ಗುರುತ್ವಕೇಂದ್ರದ ಎತ್ತರ ಮತ್ತು ಮುಂದಿನ-ಹಿಂದಿನ ಅಚ್ಚುಗಳ ನಡುವಿನ ಅಂತರದ ಮೇಲೆ ನಿಂತಿದೆ. 1970ರ ಶೆವೆಲ್ ಕೂಪೆಯಲ್ಲಿ ಈ ಅಂತರ 112 ಇಂಚು. ತೂಕ 3,900 ಪೌಂಡ್, ಗುರುತ್ವಕೇಂದ್ರ ನೆಲದಿಂದ 21 ಇಂಚು ಮೇಲೆ ಎಂದು ಇಟ್ಟುಕೊಂಡರೆ, ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು ವೇಗೋತ್ಕರ್ಷದಲ್ಲಿ ಹಿಂದಕ್ಕೆ ಸರಿಯುವ ಭಾರ 365 ಪೌಂಡಿನಷ್ಟು. ನಿಂತಿದ್ದಾಗ ಶೇ. 57 ಭಾರ ಮುಂದಿದ್ದ ಕಾರಿನಲ್ಲಿ ಆಗ ಹಿಂದಿನ ಚಕ್ರಗಳ ಮೇಲೆ ಸುಮಾರು 2,040 ಪೌಂಡ್ ಇರುತ್ತದೆ. ಅದೇ ಕಾರಿನ ಮುಂಭಾರ ಶೇ. 52 ಆಗಿದ್ದರೆ ಹಿಂದಿನ ಚಕ್ರಗಳಿಗೆ ಸುಮಾರು 195 ಪೌಂಡ್ ಹೆಚ್ಚು ಒತ್ತು ಸಿಗುತ್ತಿತ್ತು. ಕಾರಿನ ಒಟ್ಟು ತೂಕದಲ್ಲಿ ಒಂದು ಪೌಂಡೂ ವ್ಯತ್ಯಾಸವಾಗಿಲ್ಲ, ಆದರೂ ಹೊರಡುವ ಕ್ಷಣದಲ್ಲಿ ಅದು ಬೇರೆಯೇ ಕಾರು.

ಅಂದಿನ ಕಿರಿದಾದ ಬಯಾಸ್ ಪ್ಲೈ ಟೈರುಗಳು ಸಮಸ್ಯೆಯನ್ನು ಇನ್ನಷ್ಟು ಹೆಚ್ಚಿಸಿದವು. 450 ಅಶ್ವಶಕ್ತಿ, 500 ಪೌಂಡ್-ಅಡಿ ಟಾರ್ಕ್ ಎಂದು ಘೋಷಿತವಾದ ಶೆವೆಲ್‌ನ ಎಲ್‌ಎಸ್6 ಎಂಜಿನ್ನಿಗೆ ಆ ಟೈರುಗಳನ್ನು ನಿಂತಲ್ಲೇ ಸುಡುವುದು ಸಲೀಸು. 1967ರ ಕಮಾರೊದಲ್ಲಿ ಒಂದೇ ಎಲೆಯ ಲೀಫ್ ಸ್ಪ್ರಿಂಗ್ ಇದ್ದುದರಿಂದ ಹಿಂದಿನ ಅಚ್ಚು ಕುಪ್ಪಳಿಸುತ್ತಿತ್ತು. ಮರುವರ್ಷ ಶಾಕ್ ಅಬ್ಸಾರ್ಬರುಗಳಲ್ಲಿ ಒಂದನ್ನು ಅಚ್ಚಿನ ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಇಟ್ಟು ಅದನ್ನು ಹತೋಟಿಗೆ ತರಲಾಯಿತು. ಕ್ರೈಸ್ಲರ್ ಎಂಜಿನಿಯರುಗಳು ಹೆಮಿ ಕಾರುಗಳ ಎಡ ಬಲಗಳಿಗೆ ಬೇರೆ ಬೇರೆ ಸಂಖ್ಯೆಯ ಎಲೆಗಳನ್ನು ಕೊಟ್ಟು, ಟಾರ್ಕಿನಿಂದ ಹಿಂದಿನ ಅಚ್ಚು ತಿರುಚಿಕೊಂಡು ಒಂದು ಚಕ್ರ ಹಗುರಾಗುವುದನ್ನು ತಡೆದರು. ಈ ಯುಗದ ಎಂಜಿನಿಯರಿಂಗ್‌ನಲ್ಲಿ ಹೆಚ್ಚು ಮೆಚ್ಚಬೇಕಾದ ಕೆಲಸ ನಡೆದದ್ದು ಬಾನೆಟ್ಟಿನ ಅಡಿಗಿಂತ ಹಿಂದಿನ ಅಚ್ಚಿನ ಸುತ್ತಲೇ ಎನ್ನಬೇಕು.

ತೂಕ ಇಳಿಸುವ ಹಟ ಅತ್ಯಂತ ತೀವ್ರವಾಗಿ ಕಂಡದ್ದು ಡ್ರ್ಯಾಗ್ ಓಟಕ್ಕೆಂದು ಕಾರ್ಖಾನೆಗಳೇ ತಯಾರಿಸಿದ ಕಾರುಗಳಲ್ಲಿ. 1963ರಲ್ಲಿ ಪಾಂಟಿಯಾಕ್ ತನ್ನ ದೊಡ್ಡ ಕ್ಯಾಟಲೀನಾ ಕಾರುಗಳಲ್ಲಿ 14ಕ್ಕೆ ಅಲ್ಯೂಮಿನಿಯಂ ಬಾನೆಟ್, ಮಡ್‌ಗಾರ್ಡ್, ಬಂಪರ್‌ಗಳನ್ನು ಜೋಡಿಸಿ, ಚಾಸಿಯ ಉಕ್ಕಿನಲ್ಲಿ ನೂರಕ್ಕೂ ಹೆಚ್ಚು ದೊಡ್ಡ ರಂಧ್ರಗಳನ್ನು ಕೊರೆಸಿತು. ಓಟಗಾರರು ಅವುಗಳಿಗೆ ಸ್ವಿಸ್ ಚೀಸ್ ಎಂದೇ ಹೆಸರಿಟ್ಟರು. ಅದೇ ವರ್ಷ ಜನವರಿಯಲ್ಲಿ ಜನರಲ್ ಮೋಟಾರ್ಸ್ ಓಟದಿಂದ ಹಿಂದೆ ಸರಿದದ್ದರಿಂದ ಆ ಪ್ರಯೋಗ ಅಲ್ಲಿಗೇ ನಿಂತಿತು.

1964ರ ಫೋರ್ಡ್ ಫೇರ್‌ಲೇನ್ ಥಂಡರ್‌ಬೋಲ್ಟ್ ಇನ್ನೂ ವ್ಯವಸ್ಥಿತವಾದ ಪ್ರಯತ್ನ. ಮಧ್ಯಮ ಗಾತ್ರದ ಕಾರಿಗೆ 427 ಘನ ಇಂಚಿನ ಎಂಜಿನ್ ಹಾಕಿ, ಬಾನೆಟ್ ಮತ್ತು ಮುಂದಿನ ಮಡ್‌ಗಾರ್ಡುಗಳನ್ನು ಫೈಬರ್‌ಗ್ಲಾಸಿನಲ್ಲಿ, ಕಿಟಕಿಗಳನ್ನು ಪ್ಲೆಕ್ಸಿಗ್ಲಾಸಿನಲ್ಲಿ ಮಾಡಲಾಯಿತು. ರೇಡಿಯೊ, ಹೀಟರ್, ಕಾರ್ಪೆಟ್ ಯಾವುದೂ ಇರಲಿಲ್ಲ. ಒಳಗಿನ ಜೋಡಿ ಹೆಡ್‌ಲೈಟ್‌ಗಳ ಜಾಗವನ್ನೇ ಗಾಳಿ ಎಳೆಯುವ ಬಾಯಿಗಳನ್ನಾಗಿಸಿದರು. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದ್ದು ಸಣ್ಣ ವಿವರವಲ್ಲ: ಮುಂದಿನಿಂದ ತೆಗೆದು ಹಿಂದಿನ ಅಚ್ಚಿನ ಆಚೆಗೆ ಇಟ್ಟ ಭಾರ, ತನ್ನ ತೂಕಕ್ಕಿಂತ ಹೆಚ್ಚಿನ ಒತ್ತನ್ನು ಹಿಂದಿನ ಚಕ್ರಗಳಿಗೆ ಕೊಡುತ್ತದೆ. ಇಂಥ 100 ಕಾರುಗಳು ತಯಾರಾದವು. ಸ್ಪರ್ಧೆಯ ನಿಯಮ ಕೇಳಿದ ಕನಿಷ್ಠ ತೂಕವಾದ 3,200 ಪೌಂಡಿನ ಹತ್ತಿರಕ್ಕೆ ಅವು ಬಂದಿದ್ದವು. 1968ರ ಡಾಡ್ಜ್ ಹೆಮಿ ಡಾರ್ಟ್ ಮತ್ತು ಪ್ಲಿಮತ್ ಹೆಮಿ ಬ್ಯಾರಕೂಡಗಳಲ್ಲಿ ಬಾಗಿಲಿನ ತಗಡನ್ನು ಆಮ್ಲದಲ್ಲಿ ಅದ್ದಿ ತೆಳುವಾಗಿಸಲಾಗಿತ್ತು. ಗಾಜು ಏರಿಸಲು ಹಿಡಿಯ ಬದಲು ಪಟ್ಟಿ, ಹಿಂದಿನ ಸೀಟು ಇಲ್ಲವೇ ಇಲ್ಲ. ಸುಮಾರು 3,000 ಪೌಂಡಿನ ಕಾರಿನಲ್ಲಿ ಹೆಮಿ ಎಂಜಿನ್ ಏನು ಮಾಡಬಲ್ಲದು ಎಂಬುದಕ್ಕೆ ಇವೇ ಸಾಕ್ಷಿ. ಇಂದಿಗೂ ಇವುಗಳಿಗೆಂದೇ ಸೂಪರ್ ಸ್ಟಾಕ್ ಓಟದಲ್ಲಿ ಒಂದು ವರ್ಗವಿದೆ.

ತಿರುವುಗಳಿರುವ ಪಥದಲ್ಲಿ ತೂಕದ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಅದು ವೇಗ ಹೆಚ್ಚಿಸುವಾಗ, ಬ್ರೇಕ್ ಹಾಕುವಾಗ, ತಿರುಗುವಾಗ ಮೂರು ಸಲವೂ ಸುಂಕ ವಸೂಲು ಮಾಡುತ್ತದೆ. 1965ರ ಶೆಲ್ಬಿ ಜಿಟಿ350 ಹಿಂದಿನ ಸೀಟನ್ನು ಬಿಟ್ಟು, ಫೈಬರ್‌ಗ್ಲಾಸ್ ಬಾನೆಟ್ ತೊಟ್ಟು 2,800 ಪೌಂಡಿನಷ್ಟಕ್ಕೆ ಇಳಿದಿತ್ತು. ಐದು ಲೀಟರಿನ ಮಿತಿಯಿದ್ದ ಟ್ರಾನ್ಸ್-ಆಮ್ ಓಟಗಳಲ್ಲಿ ರೋಜರ್ ಪೆನ್‌ಸ್ಕಿ ತಂಡ ಕಮಾರೊದ ಬಾಡಿಯನ್ನು ಆಮ್ಲದಲ್ಲಿ ಅದ್ದಿಸಿತು. 1969ರ ಕಾರುಗಳ ಮೇಲ್ಛಾವಣಿಗೆ ವಿನೈಲ್ ಹೊದಿಸಿದ್ದು ತೆಳುವಾದ ತಗಡಿನ ಸುಕ್ಕುಗಳನ್ನು ಮರೆಮಾಡಲು. ಅದಕ್ಕೂ ಮುಂಚೆ, 1968ರ 13 ಟ್ರಾನ್ಸ್-ಆಮ್ ಓಟಗಳಲ್ಲಿ 10ನ್ನು ಆ ತಂಡದ ಮಾರ್ಕ್ ಡೊನಹ್ಯೂ ಗೆದ್ದಿದ್ದರು.

ರಸ್ತೆಯ ಕಾರುಗಳಲ್ಲಿ ಇದೇ ಪಾಠವನ್ನು ಅಗ್ಗವಾಗಿ ತೋರಿಸಿದವು ಚಿಕ್ಕ ಕಾರುಗಳು. ಅಮೆರಿಕನ್ ಮೋಟಾರ್ಸ್ ಮತ್ತು ಹರ್ಸ್ಟ್ ಸೇರಿ 1969ರಲ್ಲಿ ತಂದ ಎಸ್‌ಸಿ/ರ‍್ಯಾಂಬ್ಲರ್ ಸುಮಾರು 3,160 ಪೌಂಡ್, 315 ಅಶ್ವಶಕ್ತಿ. 1970ರ ಪ್ಲಿಮತ್ ಡಸ್ಟರ್ 340ಕ್ಕೆ 275 ಅಶ್ವಶಕ್ತಿ ಮಾತ್ರ. ಆದರೂ ಕಾಲು ಮೈಲಿಯಲ್ಲಿ ಅದು 335 ಅಶ್ವಶಕ್ತಿಯ, ನೂರಾರು ಪೌಂಡ್ ಭಾರವಾದ ಪ್ಲಿಮತ್ ರೋಡ್ ರನ್ನರ್‌ಗೆ ಸಮಸಮವಾಗಿ ಓಡುತ್ತಿತ್ತು. 2,896 ಡಾಲರಿಗೆ ಬಂದ 1968ರ ರೋಡ್ ರನ್ನರ್ ಕೂಡ ಕಾರ್ಪೆಟ್ಟು, ಅಲಂಕಾರಗಳನ್ನು ಬಿಟ್ಟ ಸರಳ ಕಾರೇ. ಸಂಗ್ರಾಹಕರ ಹರಾಜಿನಲ್ಲಿ ಇಂದು ಹೆಮಿಗೆ ಸಿಗುವ ಬೆಲೆ ಡಸ್ಟರ್‌ಗೆ ಸಿಗುವುದಿಲ್ಲ, ಆದರೆ ಓಡಿಸುವವನ ದೃಷ್ಟಿಯಿಂದ ಹದ ಬಲ್ಲ ಕಾರು ಡಸ್ಟರ್.

ಭಾರದ ದೋಷ ಅತಿ ಅಪಾಯಕಾರಿಯಾಗಿ ಕಂಡದ್ದು ಬ್ರೇಕಿನಲ್ಲಿ. ಗಂಟೆಗೆ 60 ಮೈಲಿ ವೇಗದಲ್ಲಿ 3,900 ಪೌಂಡಿನ ಕಾರಿನ ಚಲನಶಕ್ತಿ ಸುಮಾರು 636 ಕಿಲೋಜೂಲ್, 2,800 ಪೌಂಡಿನದಕ್ಕೆ 456. ಇದಿಷ್ಟನ್ನೂ ಬ್ರೇಕುಗಳು ಶಾಖವಾಗಿ ಕರಗಿಸಬೇಕು. ವೇಗ 100 ಮೈಲಿಯಾದರೆ ಹೊರೆ ಸುಮಾರು 2.8 ಪಟ್ಟು. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇದ್ದ ಕಾರುಗಳಲ್ಲಿ ಎರಡು ಮೂರು ಸಲ ಜೋರಾಗಿ ನಿಲ್ಲಿಸಿದರೆ ಹಿಡಿತವೇ ಸಡಿಲಾಗುತ್ತಿತ್ತು. ಡಿಸ್ಕ್ ಬ್ರೇಕುಗಳು ಬಹುತೇಕ ಕಾರುಗಳಲ್ಲಿ ಹೆಚ್ಚಿನ ಹಣ ಕೊಟ್ಟು ಕೇಳಿ ಪಡೆಯಬೇಕಾದ ವಸ್ತುವಾಗಿದ್ದವು ಎಂಬುದು ಈ ಯುಗದ ನಿಜವಾದ ಕೊರತೆ. ಮುಂಭಾರದ ಕಾರು ತಿರುವಿನಲ್ಲಿ ಮೂಗನ್ನು ಹೊರಕ್ಕೆ ಎಳೆಯುವ ಗುಣವೂ ಇದರ ಜೊತೆಗಿತ್ತು. ಗರಿಷ್ಠ ವೇಗದ ಮೇಲೆ ಮಾತ್ರ ತೂಕದ ಪ್ರಭಾವ ಅಲ್ಪ. ಅದನ್ನು ತಡೆಯುವುದು ಗಾಳಿ. 1970ರ ಮಾರ್ಚಿನಲ್ಲಿ ಟಲ್ಲಡೀಗಾ ಓಟದ ಪಥದಲ್ಲಿ ಓಟಗಾರ ಬಡ್ಡಿ ಬೇಕರ್ ಚಾರ್ಜರ್ ಡೇಟೋನಾವನ್ನು ಗಂಟೆಗೆ 200 ಮೈಲಿ ದಾಟಿಸಿದ್ದು ಚೂಪಾದ ಮೂಗು ಮತ್ತು ಎತ್ತರದ ರೆಕ್ಕೆಯ ಬಲದಿಂದ.

ತೂಕಕ್ಕೂ ಶಕ್ತಿಗೂ ಇರುವ ಅನುಪಾತ ಕಂಪನಿಗಳ ನೀತಿಯಲ್ಲೂ ಸೇರಿಹೋಯಿತು. ಕಾರ್ವೆಟ್ ಬಿಟ್ಟು ಉಳಿದ ಕಾರುಗಳಲ್ಲಿ ಹತ್ತು ಪೌಂಡಿಗೆ ಒಂದು ಅಶ್ವಶಕ್ತಿ ಮೀರಬಾರದೆಂದು ಜನರಲ್ ಮೋಟಾರ್ಸ್ ಮಿತಿ ಹಾಕಿತ್ತು. 1967ರ ಪಾಂಟಿಯಾಕ್ ಫೈರ್‌ಬರ್ಡ್ 400 ಜಿಟಿಒಗಿಂತ ಹಗುರವಾದ್ದರಿಂದ, ಕಾರ್ಬ್ಯುರೇಟರ್ ಪೂರ್ತಿ ತೆರೆಯದಂತೆ ಒಂದು ಸಣ್ಣ ತಡೆಯಿಟ್ಟು ಅದನ್ನು 325 ಅಶ್ವಶಕ್ತಿಗೆ ನಿಲ್ಲಿಸಲಾಯಿತು. ವಿಮಾ ಕಂಪನಿಗಳು ಇದೇ ಅನುಪಾತ ನೋಡಿ ಹೆಚ್ಚುವರಿ ಕಂತು ವಿಧಿಸತೊಡಗಿದವು. ಫೋರ್ಡ್ ತನ್ನ 428 ಕೋಬ್ರಾ ಜೆಟ್ ಎಂಜಿನ್ನನ್ನು 335 ಅಶ್ವಶಕ್ತಿಯೆಂದು ಕಡಿಮೆ ಹೇಳಿದ್ದರ ಹಿಂದೆಯೂ ವಿಮೆ ಮತ್ತು ಓಟದ ವರ್ಗೀಕರಣದ ಲೆಕ್ಕಾಚಾರವಿತ್ತು.

1971ರ ನಂತರ ಎರಡೂ ಕಡೆಯಿಂದ ಏಟು ಬಿತ್ತು. ಹೊಗೆ ನಿಯಮಗಳಿಗಾಗಿ ಸಂಪೀಡನ ಅನುಪಾತ ಇಳಿದು ಶಕ್ತಿ ಕುಗ್ಗಿತು. ಮಸ್ಟಾಂಗ್ 1971ರಲ್ಲಿ ಮೊದಲಿಗಿಂತ ನೂರಾರು ಪೌಂಡ್ ಭಾರವಾಯಿತು. 1973ರಿಂದ ಗಂಟೆಗೆ ಐದು ಮೈಲಿ ಡಿಕ್ಕಿ ತಾಳುವ ಬಂಪರುಗಳು ಕಡ್ಡಾಯವಾಗಿ, ಗುರುತ್ವಕೇಂದ್ರದಿಂದ ಅತಿ ದೂರದಲ್ಲಿ ಭಾರ ಸೇರಿತು. ಅದೇ ವರ್ಷದ ಫೈರ್‌ಬರ್ಡ್ ಟ್ರಾನ್ಸ್ ಆಮ್ ಎಸ್‌ಡಿ-455 ತನ್ನ 290 ನಿವ್ವಳ ಅಶ್ವಶಕ್ತಿಯಿಂದ ಸುಮಾರು 3,800 ಪೌಂಡನ್ನು ಎಳೆಯಬೇಕಿತ್ತು. ಆ ಪೀಳಿಗೆಯ ಕೊನೆಯ ಗಟ್ಟಿ ಕಾರುಗಳಲ್ಲಿ ಅದೂ ಒಂದು. 2015ರ ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್ ಅದಕ್ಕಿಂತಲೂ ಭಾರ, ಸುಮಾರು 4,400 ಪೌಂಡ್. ಅದು 11 ಸೆಕೆಂಡುಗಳ ಆಸುಪಾಸಿನಲ್ಲಿ ಕಾಲು ಮೈಲಿ ಮುಗಿಸುವುದು 707 ನಿವ್ವಳ ಅಶ್ವಶಕ್ತಿಯಿಂದ, ಮತ್ತು ಆ ಶಕ್ತಿಯನ್ನು ನೆಲಕ್ಕೆ ಇಳಿಸಬಲ್ಲ ಅಗಲವಾದ ರೇಡಿಯಲ್ ಟೈರು, ಸ್ವತಂತ್ರ ಹಿಂಬದಿ ಸಸ್ಪೆನ್ಷನ್ ಹಾಗೂ ಎಲೆಕ್ಟ್ರಾನಿಕ್ ನಿಯಂತ್ರಣಗಳಿಂದ.