ಸರದಿಯೋ ಗಡಿಯಾರವೋ? ಚಿಕ್ಕಬಳ್ಳಾಪುರ ಸೀಮೆಯ ದ್ವಿಭಾಷಿಕ ಮನೆಗಳಲ್ಲಿ ಹೊತ್ತು ಮೀರುವ ಟಿ.ವಿ. ಕಾರ್ಯಕ್ರಮಗಳು

1. ಪ್ರಶ್ನೆ

ಹೇಳಿದ ಹೊತ್ತಿಗೆ ಶುರುವಾಗದ, ಹೇಳಿದ ಹೊತ್ತಿಗೆ ಮುಗಿಯದ ಟಿ.ವಿ. ಕಾರ್ಯಕ್ರಮದಿಂದ ನೋಡುಗರಿಗೆ ಆಗುವ ನಷ್ಟ ಎಂಥದ್ದು? ಪ್ರಸಾರ ಸಂಸ್ಥೆ ಮತ್ತು ಜಾಹೀರಾತುದಾರರ ಕಡೆಯಿಂದ ಈ ಪ್ರಶ್ನೆ ಸಾಕಷ್ಟು ಚರ್ಚೆಯಾಗಿದೆ. ಪ್ರಸ್ತುತ ಲೇಖನ ಅದನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಮನೆಗಳ ಕಡೆಯಿಂದ ಕೇಳುತ್ತದೆ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಸೀಮೆಯನ್ನು ಆರಿಸಿಕೊಂಡಿದ್ದಕ್ಕೆ ಎರಡು ಕಾರಣಗಳಿವೆ. ಹಿಪ್ಪುನೇರಳೆ ತೋಟ, ಹುಳುಮನೆ, ನೂಲು ಬಿಚ್ಚಾಣಿಕೆಗಳ ಕೆಲಸ ಇಲ್ಲಿನ ಸಂಜೆಗಳನ್ನು ಹಿಡಿದಿಟ್ಟಿದೆ. ಜೊತೆಗೆ, ಕನ್ನಡ ಮತ್ತು ತೆಲುಗು ಎರಡೂ ಇಲ್ಲಿ ಮನೆಮಾತುಗಳು. ಗೌರಿಬಿದನೂರಿನಿಂದ ಆಂಧ್ರದ ಹಿಂದೂಪುರಕ್ಕೆ ಇರುವ ದೂರ ಸುಮಾರು 25 ಕಿಲೋಮೀಟರು ಮಾತ್ರ.

ಲೇಖನದ ವಾದ ಇಷ್ಟು: ಒಂದೇ ಚಾನೆಲ್ಲನ್ನು ನೋಡುವ ಮನೆಯಲ್ಲಿ ಕಾರ್ಯಕ್ರಮಗಳ ಸರದಿ ಕೆಡದಿದ್ದರೆ ಸಾಕು, ನಿಮಿಷಗಳ ಏರುಪೇರು ಹೆಚ್ಚು ಬಾಧಿಸುವುದಿಲ್ಲ. ಎರಡು ಭಾಷೆಗಳ ಚಾನೆಲ್‌ಗಳ ನಡುವೆ ಓಡಾಡುವ ಮನೆಗೆ ಸರದಿಯ ಆಸರೆ ಸಿಗುವುದಿಲ್ಲ. ಅದಕ್ಕೆ ಗಡಿಯಾರವೇ ಬೇಕು.

2. ಈವರೆಗಿನ ಚರ್ಚೆ

ರೇಮಂಡ್ ವಿಲಿಯಮ್ಸ್ 1974ರಲ್ಲಿ ಟಿ.ವಿ.ಯನ್ನು ಬಿಡಿ ಕಾರ್ಯಕ್ರಮಗಳ ಸಾಲಾಗಿ ನೋಡದೆ ನಿಲ್ಲದ ಹರಿವಾಗಿ ನೋಡಬೇಕೆಂದರು. ಪ್ಯಾಡಿ ಸ್ಕ್ಯಾನೆಲ್ 1996ರ ಗ್ರಂಥದಲ್ಲಿ ಪ್ರಸಾರದ ವೇಳಾಪಟ್ಟಿ ಕೇಳುಗ–ನೋಡುಗರ ದಿನಚರಿಗೆ ಹೊಂದಿಕೊಂಡು ದಿನಕ್ಕೊಂದು ಆಕಾರ ಕೊಡುತ್ತದೆಂದು ತೋರಿಸಿದರು. ನೋಡುಗರ ಅಂಕಿಅಂಶಗಳನ್ನು ಕೈಯಲ್ಲಿ ಹಿಡಿದು ವೇಳಾಪಟ್ಟಿ ಹೆಣೆಯುವವರ ಬಳಿಯೇ ಈಗ ಟಿ.ವಿ.ಯ ಅಧಿಕಾರ ಇದೆ ಎಂಬುದು ಜಾನ್ ಎಲ್ಲಿಸ್ 2000ದಲ್ಲಿ ಮಂಡಿಸಿದ ನಿಲುವು. ಭಾರತದ ಮಟ್ಟಿಗೆ ಪೂರ್ಣಿಮಾ ಮಂಕೇಕರ್ (1999) ಮತ್ತು ಅರವಿಂದ್ ರಾಜಗೋಪಾಲ್ (2001) ಧಾರಾವಾಹಿಗಳ ರಾಜಕಾರಣವನ್ನು ವಿವರಿಸಿದ್ದಾರೆ. 1987ರ ಜನವರಿ 25ರಂದು ಆರಂಭವಾದ ‘ರಾಮಾಯಣ’ ಭಾನುವಾರದ ಬೆಳಗನ್ನೇ ಬದಲಿಸಿತೆಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಈ ಯಾವುದನ್ನೂ ಇಲ್ಲಿ ಮತ್ತೆ ಸ್ಥಾಪಿಸಬೇಕಿಲ್ಲ.

ನನ್ನ ತಕರಾರು ಸ್ಕ್ಯಾನೆಲ್ ಮತ್ತು ಎಲ್ಲಿಸ್ ಇಬ್ಬರಲ್ಲೂ ಇರುವ ಒಂದು ಊಹೆಯ ಬಗ್ಗೆ. ಮನೆಯೊಂದು ಒಂದು ಹೊತ್ತಿಗೆ ಒಂದೇ ವೇಳಾಪಟ್ಟಿಗೆ ಒಳಪಟ್ಟಿರುತ್ತದೆ, ಆ ಪಟ್ಟಿ ಆ ಮನೆಯನ್ನು ಬಲ್ಲವರಿಂದ ಸಿದ್ಧವಾಗಿರುತ್ತದೆ ಎಂದು ಇಬ್ಬರೂ ಹೇಳದೆಯೇ ಒಪ್ಪಿಕೊಂಡಿದ್ದಾರೆ. ಬ್ರಿಟನ್ನಿನ ಸಂದರ್ಭದಲ್ಲಿ ಈ ಊಹೆ ಸಾಧುವಿರಬಹುದು. ಚಿಂತಾಮಣಿಗೆ ಬಂದಾಗ ಅದರ ಎರಡೂ ಭಾಗಗಳನ್ನು ಪರೀಕ್ಷಿಸಬೇಕಾಗುತ್ತದೆ.

3. ಆಕರದ ಕಷ್ಟ

ಮೊದಲು ಆಕರದ ಮಾತು. ಪತ್ರಿಕೆಗಳಲ್ಲಿ ಅಚ್ಚಾಗುವ ಕಾರ್ಯಕ್ರಮ ಪಟ್ಟಿಯನ್ನೂ ಸೆಟ್‌ಟಾಪ್ ಬಾಕ್ಸ್ ತೋರಿಸುವ ಪಟ್ಟಿಯನ್ನೂ ಪ್ರಸಾರದ ದಾಖಲೆಯೆಂದು ಬಳಸುವ ರೂಢಿ ಸಂಶೋಧಕರಲ್ಲಿದೆ. ಆದರೆ ಅವು ಪ್ರಸಾರಕರು ಕೊಟ್ಟ ಮಾತಿಗೆ ಸಾಕ್ಷಿ, ಆ ಮಾತು ನಡೆಯಿತೆಂಬುದಕ್ಕಲ್ಲ. ಆಕಾಶವಾಣಿಯಿಂದ ಟಿ.ವಿ.ಗೆ ಬಂದ ‘ಫಿಕ್ಸೆಡ್ ಪಾಯಿಂಟ್ ಚಾರ್ಟ್’ ಕೂಡ ಯೋಜನೆಯ ದಾಖಲೆಯೇ.

ನಿಜವಾದ ಹೊತ್ತಿನ ದಾಖಲೆ ಇಲ್ಲದೇ ಇಲ್ಲ. ಜಾಹೀರಾತು ಯಾವ ನಿಮಿಷದಲ್ಲಿ ಹೋಯಿತೆಂದು ಜಾಹೀರಾತುದಾರರಿಗೆ ಚಾನೆಲ್ಲು ಟೆಲಿಕಾಸ್ಟ್ ಸರ್ಟಿಫಿಕೇಟ್ ಕೊಡುತ್ತದೆ. ಟಿ.ವಿ. ನೋಡುಗರನ್ನು ಎಣಿಸುವ ಬಾರ್ಕ್ ಸಂಸ್ಥೆಯ ಮೀಟರು ಧ್ವನಿಯಲ್ಲಿ ಅಡಗಿಸಿದ ಗುರುತನ್ನು ಹಿಡಿದು ಯಾವ ಚಾನೆಲ್ಲನ್ನು ಯಾವ ನಿಮಿಷ ನೋಡಲಾಯಿತೆಂದು ಲೆಕ್ಕವಿಡುತ್ತದೆ. ಪ್ರಸಾರವಾದದ್ದರ ಮುದ್ರಣವನ್ನು 90 ದಿನ ಕಾಯ್ದಿಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಅಂದರೆ ನಿಮಿಷದ ಲೆಕ್ಕ ವ್ಯಾಪಾರದವರ ಬಳಿ ಉಳಿಯುತ್ತದೆ, ನೋಡುಗರ ಕೈಯಲ್ಲಿರುವುದು ಪಟ್ಟಿ ಮಾತ್ರ. ಹೊತ್ತು ಮೀರುವಿಕೆಯ ಚರಿತ್ರೆಯನ್ನು ಪಟ್ಟಿಯಿಂದ ಬರೆಯಲಾಗದು. ಪಟ್ಟಿಗೂ ಮನೆಯ ಸಂಜೆಗೂ ನಡುವಿನ ರಚನೆಯಿಂದಲೇ ಅದನ್ನು ಊಹಿಸಬೇಕು. ಈ ಲೇಖನ ಹಿಡಿದಿರುವ ದಾರಿಯೂ ಅದೇ.

4. ಹೊತ್ತು ತಪ್ಪುವ ಮೂರು ಬಗೆ

ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ದೂರಾಗಿ ಬೆರೆಸುತ್ತೇವೆ. ಮೊದಲನೆಯದು ಕಾರ್ಯಕ್ರಮವೇ ಹಾರಿಹೋಗುವುದು. 1981ರ ನವೆಂಬರ್ 1ರಂದು ಆರಂಭವಾದ ಬೆಂಗಳೂರು ದೂರದರ್ಶನ ಕೇಂದ್ರ, 1982ರ ಆಗಸ್ಟ್ 15ರಂದು ರಾಷ್ಟ್ರೀಯ ಪ್ರಸಾರ ಬಂದ ಮೇಲೆ ಸಂಜೆಯ ಒಂದು ಘಟ್ಟದಲ್ಲಿ ದೆಹಲಿಗೆ ಜಾಗ ಬಿಡಲೇಬೇಕಿತ್ತು. ಕ್ರಿಕೆಟ್ ನೇರಪ್ರಸಾರದ ದಿನ ಡಿಡಿ 1ರ ಪ್ರಾದೇಶಿಕ ಅವಧಿಯೇ ಮಾಯವಾಗುತ್ತಿತ್ತು. 1998ರಲ್ಲಿ ಸಂಜೆ ನಾಲ್ಕೂವರೆಗೆ ಬರುತ್ತಿದ್ದ ‘ಮಾಯಾಮೃಗ’ದಂಥ ದೈನಿಕ ಧಾರಾವಾಹಿಗೆ ಇಂಥ ಅವಧಿಯೇ ನೆಲೆ.

ಎರಡನೆಯದು ಸಣ್ಣ ಜಾರುವಿಕೆ: ಹಿಂದಿನ ಕಾರ್ಯಕ್ರಮ ಅಥವಾ ಜಾಹೀರಾತು ಲಂಬಿಸಿ ಮುಂದಿನದು ಮೂರೋ ಐದೋ ನಿಮಿಷ ತಡವಾಗುವುದು. ಮೂರನೆಯದು ಬೇಕೆಂದೇ ಮಾಡುವ ಹಿಗ್ಗಿಸುವಿಕೆ. ಖಾಸಗಿ ಚಾನೆಲ್‌ಗಳು ಧಾರಾವಾಹಿಯನ್ನು ಒಂದು ಗಂಟೆಗೆ ಎಳೆಯುವ ‘ಮಹಾಸಂಚಿಕೆ’, ಎರಡು ಧಾರಾವಾಹಿಗಳ ಪಾತ್ರಗಳನ್ನು ಒಂದುಗೂಡಿಸುವ ‘ಮಹಾಸಂಗಮ’ಗಳು ಈ ಬಗೆಯವು. ಇದು ನಮ್ಮಲ್ಲಷ್ಟೇ ಹುಟ್ಟಿದ ಉಪಾಯವಲ್ಲ. ಅಮೆರಿಕದ ಟಿಬಿಎಸ್ 1981ರಲ್ಲಿ ಕಾರ್ಯಕ್ರಮಗಳನ್ನು ಗಂಟೆ ಮತ್ತು ಅರ್ಧಗಂಟೆಯ ಮೇಲೆ ಐದು ನಿಮಿಷಕ್ಕೆ ಆರಂಭಿಸತೊಡಗಿತು. ಒಂದು ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಬೇರೆ ಚಾನೆಲ್‌ಗಳಲ್ಲಿ ಮುಂದಿನದು ಶುರುವಾಗಿಬಿಟ್ಟಿರುತ್ತಿತ್ತು, ನೋಡುಗರು ಇಲ್ಲೇ ಉಳಿಯುತ್ತಿದ್ದರು. ಎನ್‌ಬಿಸಿ 2001ರಲ್ಲಿ ‘ಫ್ರೆಂಡ್ಸ್’ನ ಕೆಲವು ಸಂಚಿಕೆಗಳನ್ನು 40 ನಿಮಿಷಕ್ಕೆ ಹಿಗ್ಗಿಸಿತು.

ಗಡಿಯಾರಕ್ಕೆ ಕಟ್ಟುಬಿದ್ದರೂ ನಷ್ಟವಾಗಬಹುದು ಎಂಬುದಕ್ಕೂ ಅಲ್ಲಿಯದೇ ನಿದರ್ಶನವಿದೆ. 1968ರ ನವೆಂಬರ್ 17ರಂದು ಏಳು ಗಂಟೆಯಾಯಿತೆಂದು ಎನ್‌ಬಿಸಿ ಫುಟ್‌ಬಾಲ್ ಪಂದ್ಯವನ್ನು ತುಂಡರಿಸಿ ‘ಹೈಡಿ’ ಚಿತ್ರ ಹಾಕಿತು. 32–29ರಲ್ಲಿ ಸೋಲುತ್ತಿದ್ದ ಓಕ್ಲಂಡ್ ತಂಡ ಕೊನೆಯ ನಿಮಿಷದಲ್ಲಿ 43–32ರಿಂದ ಗೆದ್ದದ್ದನ್ನು ದೇಶದ ಬಹುಭಾಗ ನೋಡಲಿಲ್ಲ. ಹಾಗಾಗಿ ಹೊತ್ತು ಪಾಲನೆಯನ್ನೇ ಸದ್ಗುಣವೆಂದು ಭಾವಿಸಿ ಚರ್ಚೆಗೆ ತೊಡಗುವಂತಿಲ್ಲ. ಯಾರ ಹೊತ್ತು ಎಂದು ಕೇಳಬೇಕು.

5. ವಿವಾದದ ಬಿಂದು

ನನ್ನ ವಾದದ ಎದುರು ಬರುವ ಬಲವಾದ ಆಕ್ಷೇಪ ರೇಷ್ಮೆಯ ಮನೆಯಿಂದಲೇ ಹುಟ್ಟುತ್ತದೆ. ಹುಳು ಸಾಕುವ ಮನೆ ಗಡಿಯಾರದ ಮೇಲೆ ನಡೆಯುವುದಿಲ್ಲ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳು ಒಂದು ಬೆಳೆಯ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ಸುಮಾರು ಒಂದು ವಾರದಲ್ಲಿ ತಿನ್ನುತ್ತದೆ. ಹಣ್ಣಾದಾಗ ಹಗಲು ರಾತ್ರಿಯೆನ್ನದೆ ಆಯ್ದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಮೇಲೆ ವಿದ್ಯುತ್ತಿನ ಕಷ್ಟ: ಮನೆಯ ದೀಪದ ಲೈನು ಪಂಪ್‌ಸೆಟ್ಟಿನ ಲೈನಿನಿಂದ ಬೇರೆಯಾಗುವ ಮುನ್ನ, ಅಂದರೆ ‘ನಿರಂತರ ಜ್ಯೋತಿ’ ಯೋಜನೆಗೆ ಮುಂಚೆ, ಹಳ್ಳಿಯ ಸಂಜೆ ಲೋಡ್ ಶೆಡ್ಡಿಂಗಿನ ಪಾಳಿಯ ಮೇಲೆ ನಿಂತಿತ್ತು. ಇಂಥ ಮನೆಗೆ ಚಾನೆಲ್ಲಿನ ಐದು ನಿಮಿಷ ಲೆಕ್ಕಕ್ಕಿದೆಯೇ ಎಂಬುದು ಆಕ್ಷೇಪ.

ಇದರಲ್ಲಿ ಅರ್ಧ ಸತ್ಯವಿದೆ. ಹುಳು ಹಣ್ಣಾದ ದಿನ, ಕರೆಂಟು ಹೋದ ದಿನ ಮನೆ ಕಳೆದುಕೊಳ್ಳುವುದು ಇಡೀ ಸಂಚಿಕೆಯನ್ನು. ದೈನಿಕ ಧಾರಾವಾಹಿಯ ಕಟ್ಟಡ ಇಂಥ ನಷ್ಟವನ್ನು ತುಂಬಿಕೊಡುವಂತೆಯೇ ಇದೆ. ನಿನ್ನೆಯ ಕೊನೆಯ ತಿರುವು ಇಂದಿನ ಆರಂಭದಲ್ಲಿ ಮತ್ತೆ ಬರುತ್ತದೆ, ಮರುದಿನ ಮಧ್ಯಾಹ್ನ ಮರುಪ್ರಸಾರವಿರುತ್ತದೆ. ಜಾರುವಿಕೆಯಿಂದ ತಪ್ಪಿಹೋಗುವ ಐದು ನಿಮಿಷವೂ ಬಹುಪಾಲು ಹಿಂದಿನ ಕತೆಯ ನೆನಪೇ ಆಗಿರುತ್ತದೆ. ಆದ್ದರಿಂದ ಕತೆ ತಪ್ಪುತ್ತದೆ ಎಂಬ ಸಾಮಾನ್ಯ ದೂರನ್ನು ನಾನು ವಾದದ ಆಧಾರವಾಗಿ ಬಳಸುವುದಿಲ್ಲ.

ಆದರೆ ಆಕ್ಷೇಪದ ಉಳಿದರ್ಧ ನಿಲ್ಲುವುದಿಲ್ಲ. ಮನೆಯ ಹೊತ್ತು ಸಡಿಲವಿದ್ದ ಮಾತ್ರಕ್ಕೆ ಅದಕ್ಕೆ ಬಿಡುವು ಧಾರಾಳವಾಗಿದೆ ಎಂದಾಗದು. ಎರಡು ಸೊಪ್ಪು ಹಾಕುವ ಹೊತ್ತಿನ ನಡುವೆ ಸಿಗುವ ಒಂದು ಗಂಟೆಯಲ್ಲಿ ಅರ್ಧ ಗಂಟೆ ಕನ್ನಡದ ಧಾರಾವಾಹಿ, ಅರ್ಧ ಗಂಟೆ ತೆಲುಗಿನದು ಎಂದು ಹಂಚಿಕೊಂಡಿರುವ ಮನೆಯನ್ನು ಊಹಿಸಿ. 1994ರಲ್ಲಿ ಉದಯ ಟಿ.ವಿ., 1995ರಲ್ಲಿ ತೆಲುಗಿನ ಈಟಿವಿ, 2000ದಲ್ಲಿ ಕನ್ನಡದ ಈಟಿವಿ ಬಂದ ನಂತರ ಇಂಥ ಹಂಚಿಕೆಗೆ ಅವಕಾಶ ಹುಟ್ಟಿತು. ಒಂದೇ ಚಾನೆಲ್ಲಿನೊಳಗೆ ಮೊದಲನೆಯದು ತಡವಾದರೆ ಎರಡನೆಯದೂ ಅಷ್ಟೇ ತಡವಾಗುತ್ತದೆ, ಏನೂ ತಪ್ಪುವುದಿಲ್ಲ. ಎರಡು ಚಾನೆಲ್‌ಗಳ ನಡುವೆ ಹಾಗಲ್ಲ. ಕನ್ನಡದ ಸಂಚಿಕೆ ಎಂಟು ಮೂವತ್ತೈದಕ್ಕೆ ಮುಗಿದರೂ ತೆಲುಗಿನದು ಎಂಟೂವರೆಗೇ ಶುರುವಾಗಿರುತ್ತದೆ. ಆಗ ಮನೆ ಪ್ರತಿ ಸಂಜೆಯೂ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ: ಇದರ ಕೊನೆಯನ್ನು ಬಿಡುವುದೋ, ಅದರ ಆರಂಭವನ್ನು ಬಿಡುವುದೋ. ಆ ತೀರ್ಮಾನದಲ್ಲಿ ಅತ್ತೆಯ ಭಾಷೆ ಒಂದು, ಶಾಲೆಗೆ ಹೋಗುವ ಮಗುವಿನ ಭಾಷೆ ಇನ್ನೊಂದು ಆಗಿರಬಹುದು.

ಇಲ್ಲಿಂದ ನನ್ನ ಮುಖ್ಯ ಪ್ರತಿಪಾದನೆ ಹುಟ್ಟುತ್ತದೆ. ಹೊತ್ತು ಮೀರುವಿಕೆ ಈ ಸೀಮೆಯಲ್ಲಿ ಯಾರೂ ನೇಮಿಸದ ಭಾಷಾ ಪಂಚಾಯಿತಿದಾರನಂತೆ ಕೆಲಸ ಮಾಡಿರಬಹುದು. ಪ್ರತಿದಿನ ಕೊಂಚ ಉದ್ದವಾಗುವ ಚಾನೆಲ್ಲು ಮನೆಯನ್ನು ತನ್ನ ಭಾಷೆಯಲ್ಲೇ ಕಟ್ಟಿಹಾಕುತ್ತದೆ, ತಡವಾಗಿ ಶುರುವಾಗುವ ಚಾನೆಲ್ಲು ಮನೆಯನ್ನು ಇನ್ನೊಂದರ ಕಡೆಗೆ ತಳ್ಳುತ್ತದೆ. ಈ ಮಾತಿಗೆ ಹಲವು ಮಿತಿಗಳನ್ನು ಕೂಡಲೇ ಹಾಕಬೇಕು. ಇದು ಒಂದೇ ಟಿ.ವಿ. ಇರುವ ಮನೆಗೆ ಮಾತ್ರ ಅನ್ವಯಿಸುತ್ತದೆ. ಎರಡೂ ಭಾಷೆಯ ಚಾನೆಲ್‌ಗಳು ಬರುವ ಮನೆಗೆ ಮಾತ್ರ ಅನ್ವಯಿಸುತ್ತದೆ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2019ರ ಫೆಬ್ರವರಿಯಲ್ಲಿ ತಂದ ಹೊಸ ದರ ವ್ಯವಸ್ಥೆಯಲ್ಲಿ 100 ಚಾನೆಲ್‌ಗಳ ಮೂಲ ಶುಲ್ಕ ಆಗ ತೆರಿಗೆ ಬಿಟ್ಟು 130 ರೂಪಾಯಿ ಇತ್ತು, ಅದರ ಮೇಲೆ ಹಣ ಕೊಟ್ಟು ನೋಡುವ ಚಾನೆಲ್‌ಗಳನ್ನು ಆರಿಸಿಕೊಳ್ಳಬೇಕು. ಹಾಗಾಗಿ ಎರಡನೇ ಭಾಷೆಯೇ ಕೆಲವು ಮನೆಗಳಲ್ಲಿ ಕೈಬಿಟ್ಟುಹೋಗಿರಬಹುದು. ಪರಿಣಾಮದ ದಿಕ್ಕು ಎಲ್ಲೆಡೆ ಒಂದೇ ಎಂದೂ ನಾನು ಹೇಳುತ್ತಿಲ್ಲ. ಹಿಂದೂಪುರದ ಕಡೆಗೆ ಮುಖಮಾಡಿದ ಗೌರಿಬಿದನೂರಿನ ಹಳ್ಳಿಗಳಲ್ಲಿ ಒಂದು ಬಗೆ, ಬೆಂಗಳೂರಿಗೆ ಹತ್ತಿರದ ಚಿಕ್ಕಬಳ್ಳಾಪುರದಲ್ಲಿ ಇನ್ನೊಂದು ಬಗೆ ಇರಬಹುದು. ಒಬ್ಬರು ಯಾವ ಭಾಷೆಯಲ್ಲಿ ಮಾತಾಡುತ್ತಾರೆಂಬುದನ್ನು ಟಿ.ವಿ. ನಿರ್ಧರಿಸುತ್ತದೆಂಬ ದೊಡ್ಡ ಮಾತಂತೂ ಇದಲ್ಲವೇ ಅಲ್ಲ. ಸಂಜೆಯ ಹಂಚಿಕೆಯಲ್ಲಿ ಗೆಲ್ಲುವ ಭಾಷೆಯನ್ನು ಇಷ್ಟದ ಜೊತೆಗೆ ನಿಮಿಷಗಳೂ ನಿರ್ಧರಿಸುತ್ತವೆ ಎಂಬಷ್ಟಕ್ಕೆ ವಾದ ಸೀಮಿತ.

ಮರುಕಳಿಕೆ ಇಲ್ಲದ ಕಾರ್ಯಕ್ರಮಗಳಲ್ಲಿ ಈ ನಷ್ಟ ಇನ್ನೂ ಸ್ಪಷ್ಟ. ದೂರದರ್ಶನದ ಚಂದನ ವಾಹಿನಿಯ ರಸಪ್ರಶ್ನೆ ಕಾರ್ಯಕ್ರಮ ‘ಥಟ್ ಅಂತ ಹೇಳಿ’ಯಲ್ಲಿ ತಪ್ಪಿದ ಪ್ರಶ್ನೆಯನ್ನು ಮರುದಿನದ ಸಂಚಿಕೆ ನೆನಪಿಸುವುದಿಲ್ಲ. ವಾರ್ತೆ, ಕೃಷಿ ಕಾರ್ಯಕ್ರಮಗಳ ಪಾಡೂ ಇದೇ. ಹಿಗ್ಗಿದ ಧಾರಾವಾಹಿಯ ಬೆಲೆಯನ್ನು ಬಹುಮಟ್ಟಿಗೆ ತೆರುವುದು ಧಾರಾವಾಹಿಯಲ್ಲದ ಪ್ರಕಾರಗಳು.

6. ಎಣಿಕೆಯ ಹೊರಗೆ

ಸ್ಕ್ಯಾನೆಲ್ ಮತ್ತು ಎಲ್ಲಿಸ್‌ರ ಊಹೆಯ ಎರಡನೇ ಭಾಗಕ್ಕೆ ಬರೋಣ: ಪಟ್ಟಿ ಹೆಣೆಯುವವರು ಈ ಮನೆಗಳನ್ನು ಬಲ್ಲರೇ? ಬಾರ್ಕ್‌ಗೆ ಮುಂಚೆ ನೋಡುಗರನ್ನು ಎಣಿಸುತ್ತಿದ್ದ ಟ್ಯಾಮ್ ಸಂಸ್ಥೆಯ ಎಣಿಕೆ ಬಹುಮಟ್ಟಿಗೆ 1 ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳ ಮೇಲೆ ನಿಂತಿತ್ತು. 2011ರ ಜನಗಣತಿಯಲ್ಲಿ ಈ ನಾಲ್ಕು ಪಟ್ಟಣಗಳಲ್ಲಿ ಒಂದೂ ಆ ಗಡಿ ಮುಟ್ಟಿರಲಿಲ್ಲ. ನಾಲ್ಕರಲ್ಲಿ ದೊಡ್ಡದಾದ ಚಿಂತಾಮಣಿಯ ಜನಸಂಖ್ಯೆಯೇ ಸುಮಾರು 76 ಸಾವಿರ. ಬಾರ್ಕ್ ಗ್ರಾಮೀಣ ಭಾರತದ ಅಂಕಿಗಳನ್ನು ಕೊಡತೊಡಗಿದ್ದು 2015ರ ಅಕ್ಟೋಬರಿನಲ್ಲಿ. ಅಂದರೆ ದೈನಿಕ ಧಾರಾವಾಹಿಗಳು ಬೇರೂರಿದ ದಶಕಗಳಲ್ಲಿ ಯಾವುದನ್ನು ಎಷ್ಟು ಹಿಗ್ಗಿಸಬೇಕೆಂಬ ತೀರ್ಮಾನಗಳು ಈ ಸೀಮೆ ಸೇರದ ಲೆಕ್ಕದ ಮೇಲೆ ಆದವು. ಎಲ್ಲಿಸ್ ಹೇಳುವ ಅಂಕಿಅಂಶದ ಅಧಿಕಾರ ಇಲ್ಲಿ ಇತ್ತು, ಆದರೆ ಅದು ಬೇರೆಯವರ ಅಂಕಿಗಳಿಂದ ಹುಟ್ಟಿದ್ದು. ಗ್ರಾಮೀಣ ಎಣಿಕೆ ಬಂದ ಮೇಲೂ ಒಂದು ಕೊರತೆ ಉಳಿಯುತ್ತದೆ. ವಾರದ ಅಂಕಿ ರಾಜ್ಯವಾರು ಮಾರುಕಟ್ಟೆಯ ಲೆಕ್ಕದಲ್ಲಿ ಹೊರಬರುವುದರಿಂದ, ಗಡಿಯ ಎರಡು ಭಾಷೆಗಳ ಮನೆಯ ಸಂಜೆ ಅದರಲ್ಲಿ ಬೇರೆಯಾಗಿ ಕಾಣಿಸುವುದಿಲ್ಲ.

ಕಾನೂನಿನಲ್ಲೂ ನೋಡುಗರ ನಿಮಿಷಕ್ಕೆ ನೆಲೆಯಿಲ್ಲ. 1994ರ ಕೇಬಲ್ ಟಿ.ವಿ. ನಿಯಮಗಳಲ್ಲಿ 6ನೆಯದು ಕಾರ್ಯಕ್ರಮದ ವಿಷಯವನ್ನು, 7ನೆಯದು ಜಾಹೀರಾತನ್ನು ನಿಯಂತ್ರಿಸುತ್ತದೆ. ಗಂಟೆಗೆ 12 ನಿಮಿಷ ಜಾಹೀರಾತು ಎಂಬ ಮಿತಿಯಿದೆ, ಹೇಳಿದ ಹೊತ್ತಿಗೆ ಆರಂಭಿಸಬೇಕೆಂಬ ಮಾತು ಇವೆರಡರಲ್ಲೂ ಇಲ್ಲ. ತಾಂತ್ರಿಕ ಪರಿಹಾರ ಅಸಾಧ್ಯವೇನಲ್ಲ: ಜರ್ಮನಿಯಲ್ಲಿ 1985ರಿಂದಲೇ ವಿಪಿಎಸ್ ಎಂಬ ಸಂಕೇತ ಕಾರ್ಯಕ್ರಮ ನಿಜವಾಗಿ ಶುರುವಾದಾಗಲೇ ಮನೆಯ ವಿಸಿಆರ್ ಧ್ವನಿಮುದ್ರಣ ಮತ್ತು ಚಿತ್ರಮುದ್ರಣಕ್ಕೆ ತೊಡಗುವಂತೆ ಮಾಡುತ್ತಿತ್ತು. ಕೇಬಲ್ ಡಿಜಿಟಲೀಕರಣದ ಮೂರು ಮತ್ತು ನಾಲ್ಕನೇ ಹಂತಗಳು ಈ ಪಟ್ಟಣಗಳಿಗೂ ಹಳ್ಳಿಗಳಿಗೂ ಸೆಟ್‌ಟಾಪ್ ಬಾಕ್ಸ್ ತಂದವು. ಆದರೆ ಅದರ ತೆರೆಯ ಮೇಲೆ ಕಾಣುವುದು ಹಳೆಯ ಮುದ್ರಿತ ಪಟ್ಟಿಯ ಹೊಸ ರೂಪವಷ್ಟೇ.

7. ಮುಂದಿನ ಪ್ರಶ್ನೆಗಳು

ಸ್ಕ್ಯಾನೆಲ್ ಹೇಳಿದ ದಿನಚರಿಯ ಹೊಂದಾಣಿಕೆಯನ್ನು ಈ ಲೇಖನ ಅಲ್ಲಗಳೆದಿಲ್ಲ. ದ್ವಿಭಾಷಿಕ ಸೀಮೆಯಲ್ಲಿ ಆ ಹೊಂದಾಣಿಕೆಯ ಹೊರೆ ಚಾನೆಲ್ಲಿನಿಂದ ಮನೆಗೆ ವರ್ಗಾಯಿತೆಂದು ಮಾತ್ರ ಸೂಚಿಸಿದೆ. ಇದನ್ನು ಗಟ್ಟಿಗೊಳಿಸಲು ಅಥವಾ ಬೀಳಿಸಲು ಮೂರು ಕಡೆ ಕೆಲಸ ಆಗಬೇಕು. ಶಿಡ್ಲಘಟ್ಟ ಮತ್ತು ಚಿಂತಾಮಣಿಯ ಬಿಚ್ಚಾಣಿಕೆದಾರರಲ್ಲಿ ಬಹಳಷ್ಟು ಮನೆಗಳ ಮಾತು ಉರ್ದು ಅಥವಾ ದಖನಿ. ಮೂರು ಭಾಷೆಗಳ ನಡುವೆ ಹಂಚಿಕೆ ಹೇಗೆ ನಡೆಯುತ್ತದೆಂಬುದಕ್ಕೆ ಎರಡು ಭಾಷೆಯ ಮಾದರಿ ಸಾಲದು. ಸ್ಥಳೀಯ ಕೇಬಲ್‌ನವರ ಸ್ವಂತ ಚಾನೆಲ್‌ಗಳು ಯಾವ ಹೊತ್ತನ್ನು ಪಾಲಿಸಿದವೆಂಬುದು ಬೇರೆಯದೇ ಅಧ್ಯಯನ. ಸಂಚಿಕೆಯನ್ನು ಬೇಕಾದಾಗ ನೋಡಬಹುದಾದ ಮೊಬೈಲು ಈ ಪಂಚಾಯಿತಿಯನ್ನೇ ವಿಸರ್ಜಿಸಿತೋ, ಅಥವಾ ಮನೆಯ ಒಂದು ಟಿ.ವಿ.ಯ ಮುಂದಿದ್ದ ಹಂಚಿಕೆಯನ್ನು ಮೊಬೈಲು ಯಾರ ಕೈಯಲ್ಲಿದೆ ಎಂಬ ಹಂಚಿಕೆಯಾಗಿ ಬದಲಿಸಿತೋ ಎಂಬುದನ್ನು ಮನೆಮನೆಯ ದಿನಚರಿ ದಾಖಲಾತಿಯಿಂದಲೇ ತೀರ್ಮಾನಿಸಬೇಕು. ಅಂಥ ದಾಖಲಾತಿ ಒಂದು ರೇಷ್ಮೆ ಬೆಳೆಯ ಪೂರ್ತಿ ಅವಧಿಯನ್ನಾದರೂ, ಅಂದರೆ ಹೆಚ್ಚುಕಡಿಮೆ ನಾಲ್ಕು ವಾರಗಳನ್ನು, ಒಳಗೊಳ್ಳಬೇಕು. ಇಲ್ಲದಿದ್ದರೆ ಕೆಲಸದ ಏರಿಳಿತವನ್ನು ಪ್ರಸಾರದ ಏರುಪೇರೆಂದು ತಪ್ಪಾಗಿ ಓದುವ ಅಪಾಯವಿದೆ.