ಒಬ್ಬಳೇ ಇರೋಕೆ ಒಂದು ಮನೆ: ಲಂಡನ್, 1920

ಕಾಮರ್ಸ್ ಕಣ್ಣಲ್ಲಿ ಇತಿಹಾಸ | ಭಾಗ 4

"ಒಬ್ಳೇನಾ? ನಾವು ಫ್ಯಾಮಿಲಿಗೆ ಮಾತ್ರ ಕೊಡೋದು."

ಹೋದ ತಿಂಗಳು ನಮ್ಮಕ್ಕನಿಗೆ ಬಾಡಿಗೆ ಮನೆ ಹುಡುಕುವಾಗ ಮೂರು ಬಾಗಿಲಲ್ಲಿ ಈ ಮಾತು ಕೇಳಿದೆ. ಅವಳಿಗೆ ಕೆಲಸ ಇದೆ, ಸಂಬಳ ಇದೆ, ಅಡ್ವಾನ್ಸೂ ರೆಡಿ. ಮನೆ ಮಾತ್ರ ಇಲ್ಲ. ಅದೇ ಸಿಟ್ಟಲ್ಲಿ ಓದ್ತಾ ಹೋದಾಗ ಸಿಕ್ಕ ಕಥೆ ಇದು.

1️⃣ ಮೊದಲನೇ ಮಹಾಯುದ್ಧ 1918ರಲ್ಲಿ ಮುಗಿಯಿತು. 1921ರ ಜನಗಣತಿ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರಿಗಿಂತ ಹೆಂಗಸರು ಸುಮಾರು 17 ಲಕ್ಷ ಜಾಸ್ತಿ. ಪತ್ರಿಕೆಗಳು ಅವರನ್ನ "ಹೆಚ್ಚುವರಿ ಹೆಂಗಸರು" ಅಂತ ಕರೆದವು. ಸ್ಟಾಕ್ ರಿಜಿಸ್ಟರ್‌ನಲ್ಲಿ ಉಳಿದ ಮಾಲಿನ ಹಾಗೆ! ಟೀಚರ್, ನರ್ಸ್, ಟೈಪಿಸ್ಟ್ ಆಗಿ ದುಡಿಯೋರು ಇವರು. ಟೀಚರಮ್ಮನ ಸಂಬಳ ಮೇಷ್ಟ್ರ ಸಂಬಳದ ಐದರಲ್ಲಿ ನಾಲ್ಕು ಪಾಲು ಅಷ್ಟೇ. ಇರೋಕೆ ಯಾರದೋ ಮನೆಯ ಒಂದು ರೂಮು.

2️⃣ ಎಥೆಲ್ಡ್ರೆಡ್ ಬ್ರೌನಿಂಗ್ ಅಂತ ಒಬ್ಬರಿದ್ದರು. ಐರ್ಲೆಂಡ್‌ನವರು, ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದವರು. ಓಟು ಬಂತು, ಆದರೆ ತಲೆ ಮೇಲೆ ಸೂರು ಬೇಡವಾ? 1920ರಲ್ಲಿ ಗೆಳತಿಯರ ಜೊತೆ ಸೇರಿ "ವಿಮೆನ್ಸ್ ಪಯನೀರ್ ಹೌಸಿಂಗ್" ಶುರು ಮಾಡಿದರು.

3️⃣ ಬಿಕಾಂ ಮಂದಿ, ಇಲ್ಲಿ ಸ್ವಲ್ಪ ನಿಲ್ಲಿ. ಇದು ದಾನದ ಲೆಕ್ಕ ಅಲ್ಲ. ಅವರು ಶೇರ್ ಮಾರಿ ಬಂಡವಾಳ ಎತ್ತಿದರು. ಹಣ ಹಾಕಿದವರಿಗೆ ಡಿವಿಡೆಂಡ್ ಉಂಟು, ಆದರೆ ಅದಕ್ಕೊಂದು ಮಿತಿ ಉಂಟು. ಹಾಗಾಗಿ ಲಾಭ ಹೆಚ್ಚಿಸೋಕೆ ಬಾಡಿಗೆ ಏರಿಸೋ ಆಸೆಗೆ ಜಾಗವೇ ಇಲ್ಲ. ಜೊತೆಗೆ ನಿಂತವರಲ್ಲಿ ಲೇಡಿ ರೋಂಡಾ ಕೂಡ ಒಬ್ಬರು. ವೇಲ್ಸ್‌ನ ಕಲ್ಲಿದ್ದಲು ಉದ್ಯಮದ ವಾರಸುದಾರೆ, ಹತ್ತಾರು ಕಂಪನಿಗಳ ಡೈರೆಕ್ಟರ್.

4️⃣ ಹೊಸ ಕಟ್ಟಡ ಕಟ್ಟೋದು ದುಬಾರಿ. ಆದರೆ ಪಶ್ಚಿಮ ಲಂಡನ್‌ನಲ್ಲಿ ಶ್ರೀಮಂತರ ಹಳೇ ದೊಡ್ಡ ಮನೆಗಳಿದ್ದವು. ಆಳುಗಳು ಸಿಗದೆ ಅವನ್ನ ನಡೆಸೋದೇ ಕಷ್ಟ ಆಗಿತ್ತು. ಸಂಸ್ಥೆ ಅಂಥ ಮನೆಗಳನ್ನ ಕೊಂಡು ಚಿಕ್ಕ ಚಿಕ್ಕ ಫ್ಲಾಟ್ ಮಾಡಿತು. ಪ್ಲಾನ್ ಹಾಕಿದವರಲ್ಲಿ ಗರ್ಟ್ರೂಡ್ ಲೆವರ್ಕಸ್ ಮುಖ್ಯರು. ಹೆಂಗಸರು ಆರ್ಕಿಟೆಕ್ಟ್ ಆಗೋದೇ ಅಪರೂಪ ಅನ್ನೋ ಕಾಲ ಅದು. ಒಂದು ಕುಟುಂಬ ಇದ್ದ ಮನೇಲಿ ಈಗ ಹಲವು ಹೆಂಗಸರು, ಒಬ್ಬೊಬ್ಬರ ಕೈಲೂ ಅವರವರ ಬೀಗದ ಕೈ.

5️⃣ ಎಲ್ಲಾ ಚೆನ್ನಾಗಿತ್ತು ಅಂತ ಹೇಳಲ್ಲ. ತಿಂಗಳಾದರೆ ಸಂಬಳ ಎಣಿಸೋರಿಗೆ ಇದು ವರ. ಮನೆಗೆಲಸದವಳಿಗೆ, ದಿನಗೂಲಿಯವಳಿಗೆ ಆ ಬಾಡಿಗೆಯೂ ಭಾರವೇ. ಹೂಡಿದ ಹಣ ವಾಪಸ್ ಬರಲೇಬೇಕು ಅಂದಾಗ ತೀರಾ ಬಡವರು ಹೊರಗೇ ಉಳೀತಾರೆ. ಅವರಿಗೆ ಸರ್ಕಾರದ ದುಡ್ಡು ಬೇಕೇ ಬೇಕು.

6️⃣ ಆದರೂ ನೂರು ವರ್ಷ ದಾಟಿ ಆ ಸಂಸ್ಥೆ ಇವತ್ತಿಗೂ ಇದೆ. ಲಂಡನ್‌ನ ವುಡ್ ಲೇನ್‌ನಲ್ಲಿರೋ ತನ್ನ ಹಳೇ ಜಾಗದಲ್ಲಿ ಹೊಸ ಮನೆಗಳನ್ನ ಕಟ್ಟೋಕೆ ಖಾಸಗಿ ಡೆವಲಪರ್ ಜೊತೆ ಕೈ ಜೋಡಿಸಿತು. ಜಾಗ ಇವರದು, ಕಟ್ಟೋ ಬಂಡವಾಳ ಅವರದು.

ನನಗೆ ಅರ್ಥ ಆಗಿದ್ದು ಇಷ್ಟು: ಬ್ರೌನಿಂಗ್ ಯಾರ ಹತ್ರಾನೂ ಕರುಣೆ ಕೇಳಲಿಲ್ಲ. "ಈಕೆ ಬಾಡಿಗೆ ಕಟ್ತಾಳೆ, ನಂಬಿ" ಅಂತ ಲೆಕ್ಕ ಹಾಕಿ ತೋರಿಸಿದರು.

ಅಕ್ಕನಿಗೆ ಇನ್ನೂ ಮನೆ ಸಿಕ್ಕಿಲ್ಲ. ಭಾನುವಾರ ಮತ್ತೆ ಹುಡುಕೋಕೆ ಹೋಗ್ತೀವಿ.

ನಿಮಗೂ "ಒಬ್ಳೇನಾ?" ಅಂತ ಕೇಳಿದ್ದಾರಾ? ಕಾಮೆಂಟಲ್ಲಿ ಬರೀರಿ. ಮನೆ ಬಾಡಿಗೆಗೆ ಕೊಡೋರು ನಿಮ್ಮನೇಲಿದ್ರೆ ಇದನ್ನ ಅವರಿಗೂ ಕಳಿಸಿ.

#ಕಾಮರ್ಸ್‌ಕಣ್ಣಲ್ಲಿಇತಿಹಾಸ #ಒಬ್ಬಳೇಇರೋಮನೆ